ಗುಪ್ತ ಬೆರಳಗುರುತುಗಳ ಪ್ರಕಟನೆ: ರಸಾಯನ ವಿಧಾನಗಳೂ ಬಡೋದೆಯ ಒಂದು ಹಳೆಯ ಮೊಕದ್ದಮೆಯೂ

ಕ್ರಿ. ಶ. 1874ನೆಯ ಇಸವಿಯ ನವೆಂಬರ್ 9ನೆಯ ದಿನ ಬೆಳಿಗ್ಗೆ ಬಡೋದೆಯ ಬ್ರಿಟಿಷ್ ರೆಸಿಡೆಂಟನಾಗಿದ್ದ ಕರ್ನಲ್ ರಾಬರ್ಟ್ ಫೇರ್ ಎಂಬಾತನು ವಾಯುಸಂಚಾರವನ್ನು ಮುಗಿಸಿಕೊಂಡು ನಿವಾಸಕ್ಕೆ ಮರಳಿ, ಎಂದಿನಂತೆ ತನಗಾಗಿ ಇಟ್ಟಿದ್ದ ಚಕ್ಕೋತದ ಹಣ್ಣಿನ ಶರಬತ್ತನ್ನು ಎರಡು ಮೂರು ಗುಟುಕು ಕುಡಿದನು. ಸ್ವಲ್ಪ ಹೊತ್ತಿನಲ್ಲಿಯೇ ಹೊಟ್ಟೆ ತೊಳಸಿದಂತಾಯಿತು. ಶರಬತ್ತೇ ಕೆಟ್ಟಿರಬೇಕೆಂದು ಬಗೆದು ಉಳಿದುದನ್ನು ಹೊರಕ್ಕೆ ಚೆಲ್ಲಿದಾಗ ಲೋಟದ ತಳದಲ್ಲಿ ಕಪ್ಪಾದ ಒಂದು ಗಷ್ಟು ಅವನ ಕಣ್ಣಿಗೆ ಬಿದ್ದಿತು. ರೆಸಿಡೆನ್ಸಿಯ ವೈದ್ಯನಾದ ಡಾಕ್ಟರ್ ಸೀವರ್ಡ್ ಅದನ್ನು ಪರೀಕ್ಷಿಸಿ ಪಾಷಾಣವೆಂದು ಹೇಳಿದನು. ಅದರೊಡನೆ ಹೊಳೆಯುತ್ತಿದ್ದ ಗಡಸಾದ ಕಣಗಳು ವಜ್ರದ ಪುಡಿಯಾಗಿರಬೇಕೆಂದೂ ಅಭಿಪ್ರಾಯಪಟ್ಟನು. ಮುಂಬಯಿ ಸರಕಾರದ ರಸಾಯನ ಪರೀಕ್ಷಕನಾದ ಡಾಕ್ಟರ್ ಗ್ರೇ ಪಾಷಾಣದ ಇರುವಿಕೆಯನ್ನು ದೃಢಪಡಿಸಿದನು.

ಇಲ್ಲಿಗೆ ರಸಾಯನ ಶಾಸ್ತ್ರದ ಕೆಲಸ ಮುಗಿಯಿತು. ಲೋಟದಲ್ಲಿ ಏನಿತ್ತೆಂಬುದನ್ನು ಅದು ಹೇಳಿತು. ಅದನ್ನು ಹಾಕಿದ ಕೈ ಯಾರದೆಂಬುದನ್ನು ಹೇಳುವ ಶಕ್ತಿ ಆಗಿನ ರಸಾಯನಕ್ಕೆ ಇರಲಿಲ್ಲ. ಮುಂಬಯಿಯ ಪೊಲೀಸು ಕಮಿಷನರನಾದ ಫ್ರಾಂಕ್ ಸೂಟರನು ತನಿಖೆಗೆ ಬಂದನು. ರೆಸಿಡೆನ್ಸಿಯ ಹವಾಲ್ದಾರನಾದ ರಾವ್ಜಿ ಎಂಬವನು ತಪ್ಪೊಪ್ಪಿಕೊಂಡು, ಮಹಾರಾಜ ಮಲ್ಹಾರರಾವ್ ಗಾಯಕವಾಡರ ಪ್ರೇರಣೆಯಿಂದಲೇ ವಿಷ ಹಾಕಿದೆನೆಂದನು. ಆ ಬಳಿಕ ಅವನು ಧರಿಸುತ್ತಿದ್ದ ಪಟ್ಟಿಯಲ್ಲಿ ಒಂದು ಕಾಗದದ ಪೊಟ್ಟಣವು ಅಕ್ಬರ್ ಅಲಿ ಎಂಬ ಪತ್ತೇದಾರನ ಕೈಗೆ ಸಿಕ್ಕಿತು, ಅದರಲ್ಲಿಯೂ ಪಾಷಾಣವಿತ್ತು. 1875ರ ಜನವರಿಯಲ್ಲಿ ಮಹಾರಾಜರ ಬಂಧನವಾಯಿತು. ಫೆಬ್ರವರಿ 23ರಿಂದ ಆರು ಜನರ ಆಯೋಗವೊಂದು ವಿಚಾರಣೆಗೆ ಕುಳಿತಿತು. ಮಹಾರಾಜರ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಬಂದ ಸರ್ಜೆಂಟ್ ಬ್ಯಾಲಂಟೈನ್ ಎಂಬ ಪ್ರಸಿದ್ಧ ವಕೀಲನು ಆ ಪೊಟ್ಟಣದ ಮೇಲೆಯೇ ಬಲವಾದ ಏಟು ಹಾಕಿದನು. ಅದು ಪಟ್ಟಿಯಲ್ಲಿ ಮೊದಲಿನಿಂದ ಇದ್ದುದಲ್ಲ, ಪೊಲೀಸರೇ ತಂದು ಸೇರಿಸಿದುದು ಎಂಬುದು ಅವನ ವಾದ.

ಒಂದು ಗಾಜಿನ ಲೋಟ, ಒಂದು ಕಾಗದದ ಪೊಟ್ಟಣ. ಒಂದು ರಾಜ್ಯದ ಸಿಂಹಾಸನವು ಈ ಎರಡು ವಸ್ತುಗಳನ್ನು ಯಾರ ಬೆರಳುಗಳು ಮುಟ್ಟಿದ್ದುವೆಂಬ ಪ್ರಶ್ನೆಗೆ ತಗಲಿಕೊಂಡಿತ್ತು. ಕಣ್ಣಿಗೆ ಕಾಣದ ಬೆರಳಗುರುತನ್ನು ಕಾಣಿಸುವ ರಸಾಯನ ವಿಧಾನಗಳು ಈ ನೂರೈವತ್ತು ವರುಷಗಳಲ್ಲಿ ಹೇಗೆ ಬೆಳೆದುವು, ಅಂಥ ಪ್ರಶ್ನೆಗೆ ಅವು ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲುವು, ಎಲ್ಲಿ ಬಾಯಿ ಕಟ್ಟಿ ನಿಲ್ಲುವುವು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ‘ಬೆರಳಚ್ಚು’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಬಂದು ಕುಳಿತಿವೆ. ಕಚೇರಿಯಲ್ಲಿ ಬೆರಳಚ್ಚುಗಾರನೆಂದರೆ ಯಂತ್ರದ ಮೇಲೆ ಅಕ್ಷರ ಒತ್ತುವವನು. ಆದುದರಿಂದ ಇಲ್ಲಿ ‘ಬೆರಳಗುರುತು’ ಎಂಬ ಮಾತನ್ನೇ ಬಳಸಿದೆ. ಓದುಬರಹ ಬಾರದವನನ್ನು ಕನ್ನಡಿಗರು ‘ಹೆಬ್ಬೆಟ್ಟು’ ಎಂದು ಹಳಿಯುವಂತೆ ಗುಜರಾತಿಗಳು ‘ಅಂಗೂಠಾಛಾಪ್’ ಎನ್ನುತ್ತಾರೆ. ಆದರೆ ಸಾಲಪತ್ರದ ಮೇಲೆ ಮಸಿಯಲ್ಲಿ ಒತ್ತಿದ ಹೆಬ್ಬೆಟ್ಟು ಒಬ್ಬನು ತಿಳಿದು ಕೊಟ್ಟ ಗುರುತು. ಲೋಟದ ಮೇಲೆ ಉಳಿದುದು ತಿಳಿಯದೆ ಬಿಟ್ಟ ಗುರುತು. ಕೊಟ್ಟ ಗುರುತಿನ ಇತಿಹಾಸ ಹಿರಿದು. ಅದರ ಬಹುಭಾಗ ಭಾರತದಲ್ಲಿಯೇ ನಡೆಯಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲನು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಹಾಕಿಸಿಕೊಂಡನು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಗುರುತಿನ ಕಾರ್ಯಾಲಯವು ಸ್ಥಾಪಿತವಾಯಿತು; ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಲೋಕಪ್ರಸಿದ್ಧವಾದ ವರ್ಗೀಕರಣದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯ ನೌಕರರ ಶ್ರಮವಿತ್ತು. 1906ರಲ್ಲಿ ಟ್ರಾನ್ಸ್‌ವಾಲಿನ ಸರಕಾರವು ಭಾರತೀಯರೆಲ್ಲರೂ ಹತ್ತು ಬೆರಳುಗಳ ಗುರುತನ್ನು ಕೊಡಬೇಕೆಂದಾಗ ಗಾಂಧೀಜಿಯವರು ಹೆನ್ರಿಯ ಪುಸ್ತಕವನ್ನು ಓದಿ, ಇಂಥ ಗುರುತನ್ನು ಕಾನೂನಿನ ಬಲದಿಂದ ಅಪರಾಧಿಗಳಿಂದ ಮಾತ್ರ ಪಡೆಯುತ್ತಾರೆಂದು ತಿಳಿದುಕೊಂಡರು. ದಕ್ಷಿಣ ಆಫ್ರಿಕಾದ ಸತ್ಯಾಗ್ರಹವನ್ನು ಕುರಿತು ಗುಜರಾತಿಯಲ್ಲಿ ಬರೆದ ಗ್ರಂಥದಲ್ಲಿ ಅವರು ಇದನ್ನು ಹೇಳಿದ್ದಾರೆ. ಅಹಮದಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಆ ಭಾಗವನ್ನೊಮ್ಮೆ ಓದಬೇಕು.

ಬಿಟ್ಟ ಗುರುತಿನ ಇತಿಹಾಸ ಬೇರೆ. ಬಡೋದೆಯ ವಿಚಾರಣೆಗೆ ಹನ್ನೆರಡು ವರುಷ ಮೊದಲೇ, 1863ರಲ್ಲಿ, ಪಾಲ್ ಜಾನ್ ಕೂಲಿಯೆ ಎಂಬ ಫ್ರೆಂಚ್ ರಸಾಯನಜ್ಞನು ಕಾಗದದ ಮೇಲಣ ಅದೃಶ್ಯ ಬೆರಳಗುರುತು ಅಯೋಡಿನಿನ ಹಬೆಗೆ ಕಂದುಬಣ್ಣವಾಗಿ ಏಳುವುದನ್ನು ಕಂಡಿದ್ದನು. ಯಾರೂ ಅದನ್ನು ನ್ಯಾಯಾಲಯಕ್ಕೆ ಕೊಂಡೊಯ್ಯಲಿಲ್ಲ. ವಿಚಾರಣೆ ಮುಗಿದು ಐದು ವರುಷಗಳಾದ ಮೇಲೆ, 1880ರ ಅಕ್ಟೋಬರಿನಲ್ಲಿ, ಜಪಾನಿನಲ್ಲಿದ್ದ ಹೆನ್ರಿ ಫೋಲ್ಡ್ಸ್ ಎಂಬ ಸ್ಕಾಟಿಷ್ ವೈದ್ಯನು ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಜಿಡ್ಡಿನ ಬೆರಳಗುರುತುಗಳಿಂದ ಮದ್ಯಸಾರವನ್ನು ಕುಡಿದವನು ಯಾರೆಂದು ತಿಳಿಯಿತೆಂದೂ, ಅಪರಾಧಿಗಳನ್ನು ಹೀಗೆ ಹಿಡಿಯಬಹುದೆಂದೂ ಸೂಚಿಸಿದನು. ಜ್ಞಾನವು ಬಂದು ಬಾಗಿಲಲ್ಲಿ ನಿಂತಿದ್ದರೂ ಅದನ್ನು ಒಳಕ್ಕೆ ಕರೆಯುವವರು ಬಡೋದೆಯಲ್ಲಿಯೂ ಇರಲಿಲ್ಲ, ಲಂಡನ್ನಿನಲ್ಲಿಯೂ ಇರಲಿಲ್ಲ.

ಬೆರಳ ತುದಿಯ ಚರ್ಮದ ಏಣುಗಳ ಮೇಲೆ ಸಾಲಾಗಿ ಬೆವರಿನ ರಂಧ್ರಗಳಿವೆ. ಬೆವರಿನಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಪಾಲು ನೀರು. ಉಳಿದ ಅಲ್ಪಾಂಶದಲ್ಲಿ ಉಪ್ಪು, ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಮತ್ತು ಸೆರೀನ್ ಮೊದಲಾದ ಅಮೈನೋ ಆಮ್ಲಗಳಿವೆ. ಅಂಗೈಯಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳಿಲ್ಲ. ಮನುಷ್ಯನು ಮುಖ ಒರಸಿಕೊಂಡಾಗ, ತಲೆಗೂದಲನ್ನು ನೇವರಿಸಿದಾಗ ಬೆರಳಿಗೆ ಜಿಡ್ಡು ಅಂಟುತ್ತದೆ. ಹೀಗೆ ನೀರಿನಲ್ಲಿ ಕರಗುವ ಲವಣ, ಕಾಗದಕ್ಕೆ ಅಂಟಿಕೊಳ್ಳುವ ಅಮೈನೋ ಆಮ್ಲ, ನೀರಿಗೆ ಜಗ್ಗದ ಜಿಡ್ಡು, ಈ ಮೂರು ಬಗೆಯ ಪದಾರ್ಥಗಳು ಏಣುಗಳ ಆಕಾರದಲ್ಲಿ ವಸ್ತುವಿನ ಮೇಲೆ ಉಳಿಯುತ್ತವೆ. ಒಂದೊಂದು ರಸಾಯನ ವಿಧಾನವೂ ಈ ಮೂರರಲ್ಲಿ ಒಂದನ್ನು ಹುಡುಕುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಿಕ್ಕುದೆಲ್ಲ ಸುಲಭವಾಗಿ ತಿಳಿಯುತ್ತದೆ. ನುಣುಪಾದ ಮೇಲ್ಮೈಗೆ ಕುಂಚದಿಂದ ಪುಡಿ ಹಚ್ಚುವ ಪದ್ಧತಿಯು ಎಲ್ಲರೂ ಬಲ್ಲುದು. ಅಲ್ಲಿ ಪುಡಿಯು ಜಿಡ್ಡಿಗೂ ತೇವಕ್ಕೂ ಅಂಟುವುದೇ ಹೊರತು ರಸಾಯನ ಕ್ರಿಯೆ ಇಲ್ಲ.

ಅಯೋಡಿನ್ ಹರಳುಗಳು ತುಸು ಬಿಸಿ ತಾಗಿದರೆ ದ್ರವವಾಗದೆಯೇ ನೇರಳೆ ಹಬೆಯಾಗುತ್ತವೆ. ಆ ಹಬೆಯನ್ನು ಗುರುತಿನ ಜಿಡ್ಡು ಹೀರಿಕೊಂಡು ಕಂದಾಗುತ್ತದೆ; ಸ್ವಲ್ಪ ಹೊತ್ತಿನಲ್ಲಿ ಅಯೋಡಿನ್ ಆರಿಹೋಗಿ ಗುರುತು ಮತ್ತೆ ಮಾಯವಾಗುತ್ತದೆ. ಪತ್ರವು ಹಾಳಾಗಬಾರದೆಂದಾಗ ಇದು ಗುಣ. ಗುರುತನ್ನು ಉಳಿಸಬೇಕಾದರೆ ದೋಷ. ಆಲ್ಫಾ ನಾಫ್ತೊಫ್ಲೇವೋನ್ ಎಂಬ ದ್ರವ್ಯವನ್ನು ಹಚ್ಚಿದರೆ ಗುರುತು ಕಡುನೀಲಿಯಾಗಿ ಕೆಲಕಾಲ ನಿಲ್ಲುತ್ತದೆ. ಗಂಜಿ ಹಾಕಿದ ವಸ್ತುವಿನಲ್ಲಿ ಮಾತ್ರ ತೊಡಕುಂಟು. ತೇವವಿದ್ದರೆ ಅಯೋಡಿನ್ ತಗಲಿದ ಗಂಜಿಯೇ ನೀಲಿಯಾಗುವುದನ್ನು ಶಾಲೆಯ ಹುಡುಗರೂ ಬಲ್ಲರು. ಹಳೆಯ ಕೈಕಾಗದಕ್ಕೆ ನಮ್ಮ ದೇಶದಲ್ಲಿ ಗಂಜಿಯನ್ನು ಬಳಿಯುತ್ತಿದ್ದರು. ಗುಜರಾತಿನ ವರ್ತಕರ ಕೆಂಪು ರಟ್ಟಿನ ಹಳೆಯ ಲೆಕ್ಕದ ಚೋಪಡಾ ಪುಸ್ತಕಗಳಂಥವುಗಳಲ್ಲಿ ಈ ವಿಧಾನವನ್ನು ಎಚ್ಚರಿಕೆಯಿಂದಲೇ ಕೈಗೊಳ್ಳಬೇಕು.

ಬೆಳ್ಳಿಯ ನೈಟ್ರೇಟನ್ನು 1891ರಲ್ಲಿ ಫ್ರಾನ್ಸಿನ ಫೋರ್ಜೊ ಎಂಬವನು ಪ್ರಯೋಗಿಸಿದನು. ಬೆವರಿನ ಉಪ್ಪಿನೊಡನೆ ಅದು ಸೇರಿ ಬೆಳ್ಳಿಯ ಕ್ಲೋರೈಡಾಗುತ್ತದೆ; ಅದು ಬೆಳಕಿಗೆ ಕಪ್ಪಾಗುತ್ತದೆ. ಹಳೆಯ ಛಾಯಾಚಿತ್ರದ ತತ್ತ್ವವೂ ಇದೇ. ತೇವದ ಹವೆಯಲ್ಲಿ ಉಪ್ಪು ಕಾಗದದ ನಾರಿನೊಳಗೆ ಹರಡಿಕೊಂಡು ಏಣುಗಳ ಗೆರೆ ಕಲಸಿಹೋಗುವುದರಿಂದ ಸೂರತ್ತಿನಂಥ ಕಡಲ ಹತ್ತಿರದ ಊರಿನಲ್ಲಿ ಮಳೆಗಾಲ ಕಳೆದ ಕಾಗದದ ಮೇಲೆ ಇದರಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸಲಾಗದು. ಈಗ ಇದರ ಬಳಕೆ ವಿರಳ.

ಕಾಗದದ ವಿಷಯದಲ್ಲಿ ನಿಜವಾದ ಮಾರ್ಪಾಡನ್ನು ತಂದುದು ನಿನ್‌ಹೈಡ್ರಿನ್. 1910ರಲ್ಲಿ ಕೇಂಬ್ರಿಜ್ಜಿನಲ್ಲಿದ್ದ ಸೀಗ್‌ಫ್ರೀಡ್ ರೂಹ್‌ಮನ್ ಎಂಬ ರಸಾಯನಜ್ಞನು ಬೇರೆ ಏನನ್ನೋ ಮಾಡಹೊರಟು ಈ ವಸ್ತುವನ್ನು ಪಡೆದನು. ಅಮೈನೋ ಆಮ್ಲ ತಗಲಿದರೆ ಇದು ಗಾಢವಾದ ನೇರಳೆಯಾಗುವುದನ್ನು ಆತನೇ ಕಂಡನು. ಆ ಬಣ್ಣಕ್ಕೆ ಇಂದಿಗೂ ರೂಹ್‌ಮನ್ನನ ನೇರಳೆ ಎಂದೇ ಹೆಸರು. ಕ್ರಿಯೆಯ ಒಳಗುಟ್ಟು ಸ್ವಾರಸ್ಯವಾದುದು. ನಿನ್‌ಹೈಡ್ರಿನಿನ ಅಣುವೊಂದು ಅಮೈನೋ ಆಮ್ಲದಿಂದ ಸಾರಜನಕದ ಪರಮಾಣುವನ್ನು ಕಸಿದುಕೊಳ್ಳುತ್ತದೆ. ಆ ಸಾರಜನಕದ ಇನ್ನೊಂದು ಬದಿಗೆ ನಿನ್‌ಹೈಡ್ರಿನಿನ ಎರಡನೆಯ ಅಣುವು ಬಂದು ಕೂಡುತ್ತದೆ. ಬಣ್ಣ ಈ ಜೋಡಿಯದು. ಅಮೈನೋ ಆಮ್ಲದ ಉಳಿದ ಒಡಲು ಒಡೆದು ಬೇರೆಯಾಗುವುದರಿಂದ ಆಮ್ಲವು ಯಾವುದೇ ಆಗಲಿ, ಪ್ರೋಲೀನಿನಂಥ ಕೆಲವನ್ನು ಬಿಟ್ಟರೆ, ಹುಟ್ಟುವ ನೇರಳೆ ಒಂದೇ.

ಜೀವರಸಾಯನಜ್ಞರು ಮುಂದೆ ಕಾಗದದ ಮೇಲೆ ಅಮೈನೋ ಆಮ್ಲಗಳನ್ನು ಬೇರ್ಪಡಿಸಿ ನೋಡಲು ಇದನ್ನೇ ಬಳಸಿದರು. ಕಾಗದವನ್ನು ಬರಿಗೈಯಲ್ಲಿ ಮುಟ್ಟಿದವರ ಬೆರಳುಗಳೆಲ್ಲ ನೇರಳೆಯಾಗಿ ಮೂಡಿ ಅವರಿಗೆ ಉಪದ್ರವವಾಗುತ್ತಿತ್ತು. ಒಬ್ಬರ ಉಪದ್ರವವು ಇನ್ನೊಬ್ಬರಿಗೆ ಉಪಕರಣವಾಗಲು ನಲವತ್ತನಾಲ್ಕು ವರುಷಗಳು ಬೇಕಾದುವು. 1954ರಲ್ಲಿ ಸ್ವೀಡನ್ನಿನ ಸ್ವಾಂಟೆ ಓಡೆನ್ ಮತ್ತು ಬೆಂಗ್ಟ್ ಫಾನ್ ಹಾಫ್‌ಸ್ಟೆನ್ ಎಂಬಿಬ್ಬರು ಬೆರಳಗುರುತಿನ ಪತ್ತೆಗೆ ನಿನ್‌ಹೈಡ್ರಿನ್ ಒದಗುವುದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೈನೋ ಆಮ್ಲಗಳು ಕಾಗದದ ನಾರಿಗೆ ಬಲವಾಗಿ ಅಂಟಿಕೊಂಡು ಕದಲದೆ ಇರುವುದರಿಂದ ಕಾಗದವು ಒಣಗಿದ ಸ್ಥಳದಲ್ಲಿ ಇದ್ದುದಾದರೆ ಹಲವು ದಶಕಗಳ ಹಿಂದಣ ಗುರುತೂ ಏಳಬಹುದು.

ಪ್ರಯೋಗಶಾಲೆಯಲ್ಲಿ ಕಾಗದವನ್ನು ದ್ರಾವಣದಲ್ಲಿ ಅದ್ದಿ ಒಣಗಿಸಿ, 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸುಮಾರು ಶೇಕಡಾ 65ರಷ್ಟು ಆರ್ದ್ರತೆಯುಳ್ಳ ಪೆಟ್ಟಿಗೆಯಲ್ಲಿ ಕೆಲವು ನಿಮಿಷ ಇಡುತ್ತಾರೆ. ಶಾಖವಿದ್ದರೆ ಸಾಲದು, ತೇವವೂ ಬೇಕು. ಅಹಮದಾಬಾದಿನ ಮೇ ತಿಂಗಳ ಒಣ ಬಿಸಿಲಿನಲ್ಲಿ ಕಾಗದವನ್ನು ಹರವಿದರೆ ಕೆಲಸ ಕೆಟ್ಟೀತು. ದ್ರಾವಣದ ವಿಷಯ ಇನ್ನೂ ನಾಜೂಕು. ಮದ್ಯಸಾರ ಅಥವಾ ಅಸಿಟೋನಿನಲ್ಲಿ ಕರಗಿಸಿದರೆ ಚೆಕ್ಕಿನ ಸಹಿಯ ಮಸಿಯೇ ಹರಿದುಹೋಗಿ, ಬೆರಳು ಸಿಕ್ಕಿದರೂ ದಸ್ತಾವೇಜು ನಾಶವಾಗುತ್ತದೆ. ಇದಕ್ಕಾಗಿ ಮಸಿಯನ್ನು ಕದಲಿಸದ ಕ್ಲೋರೊಫ್ಲೂರೊಕಾರ್ಬನ್ ದ್ರವವೊಂದನ್ನು ಬಳಸುತ್ತಿದ್ದರು. ಆಕಾಶದ ಓಝೋನ್ ಪದರಕ್ಕೆ ಅದು ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದವು ನಿರ್ಬಂಧಿಸಿದ ಮೇಲೆ ಹೈಡ್ರೊಫ್ಲೂರೊಈಥರ್ ಎಂಬ ಬದಲಿ ದ್ರವವು ಬಂದಿತು. ಬ್ಯಾಂಕಿನ ಹಣದ ಯಂತ್ರವು ಕೊಡುವ ಚೀಟಿಯದು ಬೇರೆಯೇ ಕಥೆ. ಆ ಕಾಗದದ ಮೈಗೆ ಶಾಖದಿಂದ ಕಪ್ಪಾಗುವ ಲೇಪವಿದೆ. ಅಸಿಟೋನಿನಂಥ ದ್ರವ ತಗಲಿದರೂ ಅದು ಇಡಿಯಾಗಿ ಕಪ್ಪಾಗಿ ಬರಹವೂ ಬೆರಳೂ ಒಟ್ಟಿಗೆ ಮುಳುಗುತ್ತವೆ. ಅಂಥ ಚೀಟಿಗೆ ಬೇರೆ ದ್ರಾವಣವನ್ನು ಮಾಡಿಕೊಂಡು, ಶಾಖವನ್ನು ಸೋಕಿಸದೆ ಕೆಲಸ ನಡೆಸಬೇಕು. ಹಣಕಾಸಿನ ವಂಚನೆಗಳ ತನಿಖೆಯಲ್ಲಿ ಚೀಟಿಯನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು ಬರುವ ನೌಕರರು ಇದನ್ನು ತಿಳಿದಿರುವುದು ಮೇಲು.

ಯುರೋಪಿನ ಹಳೆಯ ಕಾಗದಗಳಲ್ಲಿ ಇನ್ನೊಂದು ವಿಘ್ನ. ಅವುಗಳ ಮೈಗೆ ಪ್ರಾಣಿಜನ್ಯ ಅಂಟನ್ನು ಬಳಿದಿರುತ್ತಾರೆ, ಅದು ಪ್ರೋಟೀನು. ನಿನ್‌ಹೈಡ್ರಿನಿಗೆ ಅದೂ ಸ್ಪಂದಿಸಿ ಹಾಳೆಯೆಲ್ಲ ಕೆನ್ನೀಲಿಯಾಗಬಹುದು. ಮೂಡಿದ ನೇರಳೆಯೂ ಬೆಳಕಿಗೆ ಮಾಸುವಂಥದು; ಆದುದರಿಂದ ಕೂಡಲೇ ಛಾಯಾಚಿತ್ರ ತೆಗೆಯುವುದು ಪದ್ಧತಿ. ನೇರಳೆ ಗುರುತಿಗೆ ಸತುವಿನ ಲವಣವನ್ನು ಹಚ್ಚಿದರೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ, ತಕ್ಕ ಬೆಳಕಿನಲ್ಲಿ ತಾನೇ ಹೊಳೆಯುತ್ತದೆ. ಈ ಹೊಳಪಿನ ಜಾಡನ್ನು ಹಿಡಿದು 1990ರ ಸುಮಾರಿಗೆ ಬ್ರಿಟನ್ನಿನಲ್ಲಿ ಡಿ.ಎಫ್.ಓ. ಎಂಬ ದ್ರವ್ಯವೂ, 1997ರಲ್ಲಿ ಅಮೆರಿಕದಲ್ಲಿ ಇಂಡೇನ್‌ಡಯೋನ್ ಎಂಬುದೂ ಬೆರಳಗುರುತಿನ ಬಳಕೆಗೆ ಬಂದುವು. ಎರಡೂ ಅಮೈನೋ ಆಮ್ಲವನ್ನೇ ಹುಡುಕುತ್ತವೆ. ಹಸಿರು ಬೆಳಕು ಬಿಟ್ಟು ಕಿತ್ತಳೆ ಗಾಜಿನ ಮೂಲಕ ನೋಡಿದರೆ ಕಣ್ಣಿಗೆ ಕಾಣದಷ್ಟು ಮಂದವಾದ ಗುರುತೂ ದೀಪದಂತೆ ಬೆಳಗುತ್ತದೆ.

ಗಾಜು, ಲೋಹ, ಪ್ಲಾಸ್ಟಿಕ್ ಮೊದಲಾದ ಹೀರಿಕೊಳ್ಳದ ವಸ್ತುಗಳಿಗೆ ಈ ದ್ರವ್ಯಗಳು ಒದಗವು. ಅಲ್ಲಿಗೆ ಒದಗಿದುದು ಮನೆಮನೆಯಲ್ಲಿ ಮುರಿದ ಗೊಂಬೆಗಳನ್ನು ಜೋಡಿಸುವ ಅಂಟು, ಅಂಗಡಿಗಳಲ್ಲಿ ಫೆವಿಕ್ವಿಕ್ ಮೊದಲಾದ ಹೆಸರುಗಳಿಂದ ಮಾರುವ ಸೈಯನೋಅಕ್ರಿಲೇಟು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಇದನ್ನು ಕೈಗೆತ್ತಿಕೊಂಡಾಗ ಎಲ್ಲಕ್ಕೂ ಅಂಟಿಕೊಳ್ಳುತ್ತದೆಯೆಂದು ಬದಿಗಿಟ್ಟನು. 1958ರಲ್ಲಿ ಅದೇ ಗುಣಕ್ಕಾಗಿ ಅದು ಮಾರುಕಟ್ಟೆಗೆ ಬಂದಿತು. 1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸು ಪ್ರಯೋಗಶಾಲೆಯ ಮಾತ್ಸುಮುರಾ ಎಂಬಾತನು ಗಾಜಿನ ಫಲಕಕ್ಕೆ ಕೂದಲನ್ನು ಅಂಟಿಸುತ್ತಿದ್ದಾಗ ತನ್ನದೇ ಬೆರಳುಗಳು ಬೆಳ್ಳಗೆ ಏಳುವುದನ್ನು ಕಂಡನು. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟನ್ನು ಬಿಸಿ ಮಾಡಿದರೆ ಅದರ ಹಬೆಯು ಗುರುತಿನ ತೇವ ಮತ್ತು ಲವಣಾದಿಗಳ ಮೇಲೆ ಸರಪಳಿಯಾಗಿ ಬೆಳೆದು ಗಟ್ಟಿಯಾದ ಬಿಳಿಯ ಏಣುಗಳಾಗಿ ನಿಲ್ಲುತ್ತದೆ. ಮೇಲೆ ಹೊಳೆಯುವ ಬಣ್ಣವನ್ನು ಹಚ್ಚಿಕೊಳ್ಳಬಹುದು. ಇದಕ್ಕೆ ಶೇಕಡಾ 80ರಷ್ಟು ಆರ್ದ್ರತೆ ಹಿತ. ಒಣಹವೆಯ ಊರಿನಲ್ಲಿ ಹಲವು ದಿನ ಬಿದ್ದಿದ್ದ ಗಾಜಿನ ಮೇಲೆ ಗುರುತಿನ ತೇವವೇ ಇಂಗಿಹೋಗಿ ಫಲ ತಗ್ಗುತ್ತದೆ.

ನೀರಿಗೆ ಬಿದ್ದ ವಸ್ತುವಿನಲ್ಲಿ ಉಪ್ಪೂ ಅಮೈನೋ ಆಮ್ಲಗಳೂ ತೊಳೆದುಹೋಗುತ್ತವೆ, ಜಿಡ್ಡು ಮಾತ್ರ ಉಳಿಯುತ್ತದೆ. 2006ರ ಆಗಸ್ಟಿನಲ್ಲಿ ತಾಪಿಯ ಪ್ರವಾಹವು ಸೂರತ್ ನಗರವನ್ನು ಮುಳುಗಿಸಿದಾಗ ಮನೆಗಳ, ಮಳಿಗೆಗಳ ಕಾಗದಪತ್ರಗಳು ನೀರು ಕುಡಿದುವು. ಅಂಥ ಕಾಗದಕ್ಕೆ ನಿನ್‌ಹೈಡ್ರಿನ್ ಹಚ್ಚುವುದು ವ್ಯರ್ಥ. ಕಾಗದವನ್ನು ಮೊದಲು ಆಮ್ಲದಲ್ಲಿ ತೊಳೆದು, ಕಬ್ಬಿಣದ ಲವಣಗಳ ನಡುವೆ ತೂಗಾಡುವಂತೆ ಇಟ್ಟ ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ಜಿಡ್ಡಿನ ಮೇಲೆ ಬೆಳ್ಳಿಯ ಸಣ್ಣ ಕಣಗಳು ಕುಳಿತು ಬೂದುಬಣ್ಣದ ಗುರುತು ಮೂಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಫಿಸಿಕಲ್ ಡೆವಲಪರ್ ಎಂದು ಹೆಸರು. ತೋಯ್ದ ಗಾಜು, ಲೋಹಗಳಿಗೆ ಮಾಲಿಬ್ಡಿನಮ್ ಸಲ್ಫೈಡಿನ ನುಣ್ಣನೆಯ ಪುಡಿಯನ್ನು ನೀರಿನಲ್ಲಿ ಕಲಕಿ ಹಚ್ಚುತ್ತಾರೆ.

ಹೀಗಿರಲು ಕ್ರಮದ ಮಾತು ಬಹಳ ಮುಖ್ಯವಾಗುತ್ತದೆ. ಒಂದೇ ಕಾಗದಕ್ಕೆ ಹಲವು ವಿಧಾನಗಳನ್ನು ಒಂದರ ಮೇಲೊಂದು ಪ್ರಯೋಗಿಸಬಹುದು, ಆದರೆ ಮನಬಂದಂತಲ್ಲ. ಮೊದಲು ಬರಿಯ ಬೆಳಕಿನಲ್ಲಿ ನೋಡಬೇಕು. ಬಳಿಕ ಇಂಡೇನ್‌ಡಯೋನ್ ಅಥವಾ ಡಿ.ಎಫ್.ಓ., ಆಮೇಲೆ ನಿನ್‌ಹೈಡ್ರಿನ್, ಎಲ್ಲಕ್ಕೂ ಕೊನೆಗೆ ಬೆಳ್ಳಿಯ ದ್ರಾವಣ. ನೀರಿನ ವಿಧಾನವನ್ನು ಮೊದಲೇ ಮಾಡಿದರೆ ಅಮೈನೋ ಆಮ್ಲಗಳು ಕರಗಿಹೋಗಿ ಮಿಕ್ಕ ಬಾಗಿಲುಗಳೆಲ್ಲ ಮುಚ್ಚುತ್ತವೆ. ಸಾಕ್ಷ್ಯವಸ್ತುವು ಒಂದೇ ಇರುವಾಗ ಆತುರದ ಕೈ ಮಾಡುವ ಹಾನಿಗೆ ಪರಿಹಾರವಿಲ್ಲ.

ಈಗ ಬಡೋದೆಯ ಆ ಎರಡು ವಸ್ತುಗಳಿಗೆ ಬರಬಹುದು. ಅವು ಇಂದಿನ ಪ್ರಯೋಗಶಾಲೆಗೆ ಬಂದಿದ್ದರೆ ಏನಾಗುತ್ತಿತ್ತು?

ಲೋಟದ ಹೊರಮೈಯಲ್ಲಿ ಸೈಯನೋಅಕ್ರಿಲೇಟಿನ ಹಬೆಯಿಂದ ಹಲವರ ಬೆರಳುಗಳು ಎದ್ದುಬರುತ್ತಿದ್ದುವು: ಶರಬತ್ತು ಮಾಡಿಟ್ಟ ಸೇವಕನವು, ಕುಡಿದ ಫೇರನವು, ಪರೀಕ್ಷಿಸಿದ ವೈದ್ಯನವು. ರಾವ್ಜಿಯವೂ ಇದ್ದುವೆನ್ನೋಣ. ರೆಸಿಡೆನ್ಸಿಯ ಆಳಿನ ಬೆರಳು ರೆಸಿಡೆನ್ಸಿಯ ಲೋಟದ ಮೇಲೆ ಇದ್ದುದಕ್ಕೆ ಬ್ಯಾಲಂಟೈನನಂಥ ವಕೀಲನು ಹತ್ತು ನಿರ್ದೋಷವಾದ ಕಾರಣಗಳನ್ನು ನಿಂತಲ್ಲಿಯೇ ಹೇಳಿಯಾನು. ಇಲ್ಲದಿದ್ದರೂ ಏನೂ ಸಿದ್ಧವಾಗದು. ಲೋಟವನ್ನು ಮುಟ್ಟದೆಯೇ ಅದಕ್ಕೆ ವಿಷವನ್ನು ಸುರಿಯಬಹುದು. ಮೇಲಾಗಿ ಮುಟ್ಟಿದವರೆಲ್ಲರ ಗುರುತೂ ಉಳಿಯುವುದಿಲ್ಲ. ಒಬ್ಬೊಬ್ಬರ ಬೆವರು ಒಂದೊಂದು ಬಗೆ. ಒಂದೇ ಕೈಯೂ ಗಳಿಗೆಗೊಂದು ಬಗೆ.

ಪೊಟ್ಟಣದ ಮಾತು ಹಾಗಲ್ಲ. ಸೂರತ್ತಿನ ವಜ್ರದ ಪೇಟೆಯಲ್ಲಿ ಹರಳುಗಳನ್ನು ಇಂದಿಗೂ ಮಡಿಸಿದ ಕಾಗದದ ಪೊಟ್ಟಣದಲ್ಲಿಯೇ ಕಟ್ಟುತ್ತಾರೆ. ಅದನ್ನು ಬಿಡಿಸಿ ನೋಡಿದವರಿಗೆ ಗೊತ್ತು: ಪೊಟ್ಟಣ ಕಟ್ಟುವವನ ಬೆರಳುಗಳು ಹೊರಗಿನ ಮುಖದಲ್ಲಿ ಮಾತ್ರವಲ್ಲ, ಒಳಮಡಿಕೆಗಳಲ್ಲಿಯೂ ಒತ್ತಿರುತ್ತವೆ. ಅದನ್ನು ಬಿಚ್ಚದೆ ಸಾಗಿಸಿದವನ ಬೆರಳು ಹೊರಗೆ ಮಾತ್ರ. ನಿನ್‌ಹೈಡ್ರಿನಿನಲ್ಲಿ ಅದ್ದಿ ಹಾಳೆಯನ್ನು ಬಿಡಿಸಿ ಹರವಿದರೆ ಯಾವ ಗುರುತು ಯಾವ ಮಡಿಕೆಯಲ್ಲಿ ಇದ್ದಿತೆಂಬುದು ಮಡಿಕೆಯ ಗೆರೆಗಳಿಂದಲೇ ತಿಳಿಯುತ್ತದೆ. ಒಳಮಡಿಕೆಯಲ್ಲಿ ರಾವ್ಜಿಯ ಬೆರಳು ಸಿಕ್ಕಿದ್ದರೆ ಪೊಲೀಸರು ತಂದಿಟ್ಟರೆಂಬ ವಾದಕ್ಕೆ ನಿಲ್ಲಲು ನೆಲ ಸಾಲದಾಗುತ್ತಿತ್ತು. ಹೊರಗೆ ಮಾತ್ರ ಸಿಕ್ಕಿದ್ದರೆ ಅದನ್ನು ಸಿಕ್ಕಿದ ಮೇಲೆ ಅವನ ಕೈಗೆ ಕೊಟ್ಟು ತೋರಿಸಿರಬಹುದೆಂಬ ಸಂಶಯ ಉಳಿಯುತ್ತಿತ್ತು, ಏಕೆಂದರೆ ಗುರುತಿಗೆ ತಾರೀಕು ಇರುವುದಿಲ್ಲ. ಅದು ಬಿದ್ದ ದಿನವನ್ನು ನ್ಯಾಯಾಲಯವು ಒಪ್ಪುವಂತೆ ಹೇಳುವ ವಿಧಾನವು ಇಂದಿಗೂ ಕೈಗೂಡಿಲ್ಲ. ಅಕ್ಬರ್ ಅಲಿಯ ಬೆರಳುಗಳು ಸಿಕ್ಕಿದ್ದರೆ? ಪೊಟ್ಟಣವನ್ನು ಹೊರತೆಗೆದವನೇ ಅವನು. ಅವನ ಬೆರಳುಗಳು ಇರಲೇಬೇಕು. ಇಂದಿನ ತನಿಖೆಯಲ್ಲಿ ಕೈಗವಸು, ಮುದ್ರೆ ಹಾಕಿದ ಲಕೋಟೆ, ಪಂಚರ ಸಮಕ್ಷಮದ ಬರಹ ಇವುಗಳಿಗೆ ಅಷ್ಟೊಂದು ಮಹತ್ವವಿರುವುದು ಈ ಕಾರಣಕ್ಕಾಗಿಯೇ. ರಸಾಯನದ ಫಲವೇನೆಂಬುದನ್ನು ವಸ್ತುವು ಪ್ರಯೋಗಶಾಲೆಗೆ ಬರುವ ಮೊದಲೇ ಅದನ್ನು ಎತ್ತಿಕೊಂಡ ಕೈಗಳು ಅರ್ಧ ನಿರ್ಧರಿಸಿಬಿಡುತ್ತವೆ.

ಗುರುತು ಎದ್ದ ಮೇಲೆ ಅದು ಯಾರದೆಂದು ಹೇಳುವುದು ರಸಾಯನವಲ್ಲ, ಮನುಷ್ಯನ ಕಣ್ಣು. ಅಲ್ಲಿಯೂ ಪ್ರಮಾದವುಂಟು. 2004ರ ಮಾರ್ಚಿನಲ್ಲಿ ಸ್ಪೇನಿನ ಮ್ಯಾಡ್ರಿಡ್ಡಿನಲ್ಲಿ ರೈಲುಗಳಲ್ಲಿ ಬಾಂಬುಗಳು ಸಿಡಿದಾಗ ಸಿಡಿಮದ್ದಿನ ಸಲಕರಣೆಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲಣ ಗುರುತನ್ನು ಅಮೆರಿಕದ ಎಫ್.ಬಿ.ಐ. ತಜ್ಞರು ಓರೆಗಾನ್ ಪ್ರಾಂತದ ಒಬ್ಬ ವಕೀಲನದೆಂದು ನಿಶ್ಚಯಿಸಿ ಅವನನ್ನು ಸೆರೆಹಿಡಿಸಿದರು. ಅದು ಅಲ್ಜೀರಿಯದ ಇನ್ನೊಬ್ಬನದೆಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟ ಮೇಲೆ ಕ್ಷಮೆ ಕೇಳಬೇಕಾಯಿತು. ಚೀಲದ ಮೇಲಣ ಗುರುತು ನಿಜವಾದುದೇ. ಓದಿದ ಕಣ್ಣು ತಪ್ಪಿತ್ತು.

ಗುರುತನ್ನು ಸರಿಯಾಗಿ ಓದಿದಾಗಲೂ ಅದು ಎಷ್ಟನ್ನು ಹೇಳಬಲ್ಲುದೆಂಬುದನ್ನು ಭಾರತದ ನ್ಯಾಯಾಲಯವೊಂದು ಬಹಳ ಹಿಂದೆಯೇ ತೂಗಿ ನೋಡಿತ್ತು. 1898ರಲ್ಲಿ ಬಂಗಾಳದ ಜಲ್ಪಾಯಿಗುರಿಯಲ್ಲಿ ಚಹಾ ತೋಟದ ಮ್ಯಾನೇಜರನೊಬ್ಬನ ಕೊಲೆಯಾಯಿತು. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲಣ ರಕ್ತದ ಕಲೆಯಲ್ಲಿ ಬೆರಳೊಂದರ ಗುರುತಿತ್ತು. ಕಲಕತ್ತೆಯ ಕಾರ್ಯಾಲಯದಲ್ಲಿ ಹುಡುಕಿದಾಗ ಅದು ಹಿಂದೆ ಶಿಕ್ಷೆ ಅನುಭವಿಸಿದ್ದ ಕಂಗಾಲಿ ಚರಣನೆಂಬ ಹಳೆಯ ಸೇವಕನದೆಂದು ತಿಳಿಯಿತು. ನ್ಯಾಯಾಲಯವು ಅವನನ್ನು ಕಳವಿಗಾಗಿ ಶಿಕ್ಷಿಸಿತು. ಕೊಲೆಯ ಆರೋಪದಿಂದ ಬಿಟ್ಟಿತು. ಅವನು ಅಲ್ಲಿದ್ದನೆಂದು ಬೆರಳು ಹೇಳಿತು, ಕೊಂದನೆಂದು ಹೇಳಲಿಲ್ಲ. ಆ ನ್ಯಾಯಾಧೀಶರ ಸಂಯಮವು ಮೆಚ್ಚತಕ್ಕುದು. ಮರುವರ್ಷ, 1899ರಲ್ಲಿ, 1872ರ ಸಾಕ್ಷ್ಯ ಕಾಯಿದೆಗೆ ತಿದ್ದುಪಡಿಯಾಗಿ ಬೆರಳಗುರುತಿನ ವಿಷಯದಲ್ಲಿ ತಜ್ಞರ ಅಭಿಪ್ರಾಯಕ್ಕೆ ಸ್ಥಾನ ದೊರೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಸ್ಥಾನ ಮುಂದುವರಿದಿದೆ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರುಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧಗಳಲ್ಲಿ ನ್ಯಾಯವಿಜ್ಞಾನದ ತಜ್ಞನು ಸ್ಥಳಕ್ಕೇ ಹೋಗಬೇಕೆಂದು ವಿಧಿಸಿ, ಅದನ್ನು ಕಾರ್ಯರೂಪಕ್ಕೆ ತರಲು ರಾಜ್ಯಗಳಿಗೆ ಐದು ವರುಷಗಳ ಅವಕಾಶವನ್ನು ಕೊಟ್ಟಿದೆ. ಇಷ್ಟು ತಜ್ಞರು ಎಲ್ಲಿಂದ ಬರಬೇಕು? 2008ರ ಕಾಯಿದೆಯಿಂದ ಗಾಂಧಿನಗರದಲ್ಲಿ ಹುಟ್ಟಿದ ಗುಜರಾತ್ ನ್ಯಾಯವಿಜ್ಞಾನ ವಿಶ್ವವಿದ್ಯಾಲಯವು 2020ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಅದರ ಒಂದು ಶಾಖೆಯು ಧಾರವಾಡಕ್ಕೂ ಬಂದಿದ್ದು, ಅಲ್ಲಿಯ ಕಟ್ಟಡಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನಿನ್‌ಹೈಡ್ರಿನಿನ ನೇರಳೆಯನ್ನು ಕನ್ನಡದ ಮಕ್ಕಳು ಮನೆಯಂಗಳದಲ್ಲಿಯೇ ಕಲಿಯುವ ಅನುಕೂಲ ಹೀಗೆ ಗುಜರಾತಿನ ದಾರಿಯಿಂದ ಒದಗಿದೆ.

ಬಡೋದೆಯ ಆಯೋಗದ ಮುಂದಿದ್ದ ಮುಖ್ಯ ಪ್ರಶ್ನೆ ರಾವ್ಜಿಯದಾಗಿರಲಿಲ್ಲ, ಅವನಂತೂ ಒಪ್ಪಿಕೊಂಡಿದ್ದನು. ಅವನನ್ನು ಕಳುಹಿಸಿದವರು ಮಹಾರಾಜರೇ ಎಂಬುದು ಪ್ರಶ್ನೆ. ಅರಮನೆಯಲ್ಲಿ ಆಡಿದ ಮಾತು ಯಾವ ಕಾಗದದ ಮೇಲೆಯೂ ಬೆವರನ್ನು ಬಿಡುವುದಿಲ್ಲ. ಬಂಗಾಳದ ಮುಖ್ಯ ನ್ಯಾಯಾಧೀಶ ರಿಚರ್ಡ್ ಕೌಚ್, ರಿಚರ್ಡ್ ಮೀಡ್ ಮತ್ತು ಮೆಲ್ವಿಲ್ ಎಂಬ ಮೂವರು ಆಂಗ್ಲ ಸದಸ್ಯರು ಆರೋಪ ಸಿದ್ಧವಾಯಿತೆಂದರು. ಗ್ವಾಲಿಯರದ ಸಿಂಧಿಯಾ, ಜಯಪುರದ ಮಹಾರಾಜ ಮತ್ತು ಸರ್ ದಿನಕರರಾವ್ ಎಂಬ ಮೂವರು ದೇಶೀಯ ಸದಸ್ಯರು ಸಿದ್ಧವಾಗಲಿಲ್ಲವೆಂದರು. 1875ರ ಏಪ್ರಿಲ್ 19ರ ಘೋಷಣೆಯಲ್ಲಿ ಭಾರತ ಸರಕಾರವು ಮಲ್ಹಾರರಾಯರನ್ನು ಪದಚ್ಯುತಗೊಳಿಸಿತು. ಅದಕ್ಕೆ ಕೊಟ್ಟ ಕಾರಣ ದುರಾಡಳಿತವೇ ಹೊರತು ವಿಷಪ್ರಯೋಗವಲ್ಲ.